ನೆಲಗಾಗೆ ಹೂತಿಟ್ಟ ಕಾಳು

ಕಲಾತೆ-ಮೀರ್ ಎಂಬ ಊರಿನಲ್ಲಿ ಜೀವರಳನ್ನು ಯಾರೂ ವಿಧವೆ ಎನ್ನುತ್ತಿರಲಿಲ್ಲ. ಗಂಡ ಯಾದುಲ್ಲಾ ಚೇಳು ಕುಟುಕಿ ಸತ್ತು ಎಷ್ಟೋ ವರ್ಷವಾಗಿತ್ತು, ನಿಜ. ಆದರೆ ಅವನು ಸತ್ತ ಮುಂದಿನ ವಸಂತದಲ್ಲೇ ಊರಿನವರು ಅವಳನ್ನು ಕರೇಜಿಗೆ ಮದುವೆ ಮಾಡಿಕೊಟ್ಟಿದ್ದರು. ಬೆಟ್ಟದ ಬುಡದಿಂದ ನೆಲದಡಿಯಲ್ಲೇ ಹರಿದು ಬಂದು ಊರ ಪಕ್ಕದಲ್ಲಿ ಬೆಳಕು ಕಾಣುವ ನೀರಿನ ಸುರಂಗ ಅದು. ಆ ನೀರಿಲ್ಲದಿದ್ದರೆ ಊರಿಲ್ಲ. ಕರೇಜು ಗಂಡು, ಒಂಟಿ ಬಿಟ್ಟರೆ ಮುನಿಯುತ್ತದೆ, ಮುನಿದರೆ ಬತ್ತುತ್ತದೆ ಎಂದು ಹಿರಿಯರು ಹೇಳಿಟ್ಟಿದ್ದರು. ಹೇಳಿದವರು ಸತ್ತು ಮಣ್ಣಾಗಿದ್ದರು, ಮಾತು ಮಾತ್ರ ಗಟ್ಟಿಯಾಗಿ ಉಳಿದಿತ್ತು.

ಜೀವರಳಿಗೆ ಅದರಿಂದ ಹೊಟ್ಟೆಗೆ ತೊಂದರೆಯಾಗಲಿಲ್ಲ. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಅವಳಿಗೆ ಒಂದು ಬುಟ್ಟಿ ಗೋಧಿ ಬರುತ್ತಿತ್ತು. ಬದಲಿಗೆ ಅವಳು ಮಾಡಬೇಕಾದದ್ದು ಇಷ್ಟೇ: ಗುರುವಾರ ನಡುಹಗಲಲ್ಲಿ, ಊರು ಉಂಡು ಮಲಗಿದಾಗ, ಕರೇಜಿನ ಬಾಯಿಂದ ಒಳಗೆ ಹೋಗಬೇಕು. ತಿರುವು ದಾಟಿ, ಕತ್ತಲೆ ಶುರುವಾಗುವ ಕಡೆ ಬಟ್ಟೆ ಬಿಚ್ಚಿ ಕಲ್ಲಿನ ಮೇಲಿಟ್ಟು ನೀರಿನಲ್ಲಿ ಕೂರಬೇಕು. ಕಣ್ಣಿಲ್ಲದ ಬಿಳಿ ಮೀನುಗಳು ಬಂದು ಕಾಲು ಮುಟ್ಟಿ ನೋಡಿ ಹೋಗುತ್ತಿದ್ದವು. ಸುರಂಗದ ಒಳಗಿನಿಂದ ಉಸಿರಿನಂಥ ಗಾಳಿ ಬರುತ್ತಿತ್ತು, ಬೇಸಿಗೆಯಲ್ಲಿ ತಣ್ಣಗೆ, ಚಳಿಗಾಲದಲ್ಲಿ ಬೆಚ್ಚಗೆ. ಮೊದಲ ವರ್ಷ ಹಲ್ಲು ಕಟಕಟ ಎನ್ನುತ್ತಿತ್ತು. ಆಮೇಲೆ ಎಲ್ಲಾ ಅಭ್ಯಾಸವಾಯಿತು. ಅಭ್ಯಾಸವಾಗದೆ ಉಳಿದದ್ದು ಒಂದೇ ಒಂದು. ಕಲ್ಲಿನ ಮೇಲೆ ಹೇಗೋ ಎಸೆದ ಬಟ್ಟೆಗಳು ಕೆಲವು ಸಲ ಅವಳು ಮೈ ತೊಳೆದು ಏಳುವ ಹೊತ್ತಿಗೆ ಮಡಚಿಟ್ಟಿರುತ್ತಿದ್ದವು. ಗಾಳಿಗೆ ಹಾಗಾಗಿರಬೇಕು ಎಂದುಕೊಳ್ಳುತ್ತಿದ್ದಳು. ಗಾಳಿಗೆ ಅಷ್ಟು ಅಚ್ಚುಕಟ್ಟುತನ ಇಲ್ಲ ಎನ್ನುವುದೂ ಅವಳಿಗೆ ಗೊತ್ತಿತ್ತು. ಈ ವಿಷಯವನ್ನು ಅವಳು ಯಾರಿಗೂ ಹೇಳಲಿಲ್ಲ.

ಇನ್ನು ನೆಲಗಾಗೆ. ಕಾಗೆಯ ಕುಲವೇ, ಆದರೆ ಬಣ್ಣ ಒಣಮಣ್ಣಿನದು. ಕತ್ತಿನ ಕೆಳಗೆ ಮಸಿ ಒರೆಸಿದ ಹಾಗೆ ಒಂದು ಕಪ್ಪು ಮಚ್ಚೆ, ಬಾಗಿದ ಕೊಕ್ಕು, ಉದ್ದ ಕಾಲು. ರೆಕ್ಕೆ ಇದ್ದರೂ ಹಾರುವುದೆಂದರೆ ಅದಕ್ಕೆ ಬೇಜಾರು. ಪೊದೆಯಿಂದ ಪೊದೆಗೆ ಓಡುತ್ತದೆ, ನಿಲ್ಲುತ್ತದೆ, ತಲೆ ಓರೆ ಮಾಡಿ ನೋಡುತ್ತದೆ, ಮತ್ತೆ ಓಡುತ್ತದೆ. ಸಿಕ್ಕಿದ್ದನ್ನೆಲ್ಲ ತಿನ್ನುವುದಿಲ್ಲ, ಕೊಕ್ಕಿನಿಂದ ಗುಳಿ ತೋಡಿ ಹೂತಿಡುತ್ತದೆ. ಅದು ನೀರು ಕುಡಿದದ್ದನ್ನು ಆ ಊರಿನಲ್ಲಿ ಕಂಡವರಿಲ್ಲ. ಬೆಟ್ಟದಿಂದ ಊರಿನವರೆಗೆ ಕರೇಜಿನ ಮೇಲೆ ಸಾಲಾಗಿ ಬಾವಿಯಂಥ ಕಿಂಡಿಗಳಿದ್ದವು, ಒಂದೊಂದರ ಸುತ್ತಲೂ ಅಗೆದು ಹಾಕಿದ ಮಣ್ಣಿನ ಬಳೆ. ನೆಲಗಾಗೆ ಬೆಳಗಾದರೆ ಆ ಸಾಲು ಹಿಡಿದು ಓಡುತ್ತಿತ್ತು. ಪ್ರತಿ ಕಿಂಡಿಯ ಅಂಚಿನಲ್ಲೂ ನಿಂತು ಕಿವಿಗೊಡುತ್ತಿತ್ತು, ಏನೋ ಕೇಳಿಸಿಕೊಂಡವರ ಹಾಗೆ ಒಂದು ಕ್ಷಣ ತಡೆದು ಮುಂದಿನ ಕಿಂಡಿಗೆ ಹೋಗುತ್ತಿತ್ತು. ನೆಲದ ಮೇಲಿನ ಸುದ್ದಿಯನ್ನು ನೆಲದ ಕೆಳಗೆ ಮುಟ್ಟಿಸುವುದು ಅದರ ಕೆಲಸ ಎಂದು ಊರಿನವರ ಎಣಿಕೆ.

ಅದಕ್ಕೇ ಹೆಂಗಸರು ಅದನ್ನು ಜೀವರಳ ನಾದಿನಿ ಎಂದು ಕರೆಯುತ್ತಿದ್ದರು. ಹಾಗೆ ಮೊದಲು ಕರೆದವಳು ತೂಬಾ, ಊರ ಹಿರಿಯ ಕರ್ಬಲಾಯಿ ಸಫ್ದರನ ಹೆಂಡತಿ. ಬಾಯಿ ಜೋರು, ಮನಸ್ಸು ಬೆಣ್ಣೆ. ಜೀವರಳಿಗೆ ಊರಿನಲ್ಲಿ ಗೆಳತಿ ಎಂದರೆ ಅವಳೊಬ್ಬಳೇ.

"ಏನೇ ಜೀವರ್, ನಿನ್ನ ನಾದಿನಿ ಬೆಳಗ್ಗೆಯಿಂದ ನಮ್ಮಂಗಳದಲ್ಲೇ ಸುತ್ತಾಡ್ತಿದಾಳೆ. ಅತ್ತಿಗೆ ಊಟ ಹಾಕ್ಲಿಲ್ವಂತಾ?"

"ಹಾಕಿದೀನಮ್ಮ. ನಿನ್ನ ಬಾಯಿ ಕೇಳೋಕೆ ಬಂದಿರಬೇಕು ಅವಳು. ಅವಳ ಅಣ್ಣನಿಗೆ ಮಾತು ಕಮ್ಮಿ, ಮನೇಲಿ ಹೊತ್ತು ಹೋಗಲ್ಲ."

"ಮಾತು ಕಮ್ಮಿ ಇರೋ ಗಂಡ ಸಿಕ್ಕೋದಕ್ಕೆ ಪುಣ್ಯ ಮಾಡಿರಬೇಕು ಕಣೇ. ನಮ್ಮದು ನೋಡು, ನಿದ್ದೇಲೂ ನೀರಿನ ಸರದಿ ಬಗ್ಗೆ ಜಗಳ ಆಡತ್ತೆ."

ಅದು ಸುಳ್ಳಲ್ಲ. ಕರ್ಬಲಾಯಿ ಸಫ್ದರ್ ಡೊಳ್ಳುಹೊಟ್ಟೆಯ, ಕೆಂಪು ಮುಖದ, ನಗುವಿನ ಮನುಷ್ಯ. ಕರ್ಬಲಾ ಯಾತ್ರೆ ಮಾಡಿ ಬಂದವನೆಂದು ಜನ ಅವನನ್ನು ಕರ್ಬಲಾಯಿ ಎನ್ನುತ್ತಿದ್ದರು. ಯಾರ ಹೊಲಕ್ಕೆ ಯಾವಾಗ ನೀರು ಎಂದು ಹೇಳುವುದು ಅವನ ಕೆಲಸ. ಹೀಗಾಗಿ ಊರಿನ ಗಂಡಸರೆಲ್ಲ ದಿನಕ್ಕೊಮ್ಮೆಯಾದರೂ ಅವನ ಜೊತೆ ಜಗಳ ಆಡಿಯೇ ಆಡುತ್ತಿದ್ದರು. ಜಗಳ ಮುಗಿದ ಮೇಲೆ ಒಟ್ಟಿಗೇ ಕೂತು ಚಹಾ ಕುಡಿಯುತ್ತಿದ್ದರು. ಅವನು ಅದರಿಂದಲೇ ದಪ್ಪಗಾದದ್ದು ಎಂದು ತೂಬಾ ಹೇಳುತ್ತಿದ್ದಳು.

ಜೀವರ್ ಮಾಡಿಕೊಂಡಿದ್ದು ಕಾಯಂ ಮದುವೆಯಲ್ಲ, ಅವಧಿಯ ಮದುವೆ. ಮುಲ್ಲಾ ನಜಫ್ ಬಂದು ಒಂದು ವರ್ಷಕ್ಕೆ ಎಂದು ಓದುತ್ತಿದ್ದ. ಹೊಸವರ್ಷದ ನೌರೋಜ್ ಹಬ್ಬದ ಹದಿಮೂರನೆಯ ದಿನ ಅದು ತಾನಾಗಿ ಮುಗಿಯುತ್ತಿತ್ತು. ಅವತ್ತು ಮನೆಯೊಳಗೆ ಇರುವುದು ಅಪಶಕುನ. ಮಕ್ಕಳು ಮುದುಕರಾದಿಯಾಗಿ ಎಲ್ಲರೂ ಮನೆ ಬಿಟ್ಟು ಹೋಗಿ ದಿಬ್ಬದ ಮೇಲೆ ಕೂರುತ್ತಿದ್ದರು, ಹುಳಿಸಾರು ಕುದಿಸಿಕೊಂಡು ಉಣ್ಣುತ್ತಿದ್ದರು. ಹೋಗುವ ಮುಂಚೆ ಊರಿಗೆ ಹತ್ತಿರದ ಕಿಂಡಿಯ ಅಂಚಿನಲ್ಲಿ ಅರಿಶಿನ ಬಳಿದ ಜವೆಗೋಧಿಯನ್ನು ಒಂದು ಹಿಡಿ ಇಡುತ್ತಿದ್ದರು. ಜನ ಇಲ್ಲದ ಊರಿಗೆ ನೆಲಗಾಗೆ ಓಡಿ ಬರುತ್ತಿತ್ತು. ಹಳದಿ ಕಾಳನ್ನು ಅದು ಯಾವ ವಿಧವೆಯ ಹೊಸ್ತಿಲ ಬುಡದಲ್ಲಿ ಹೂಳುತ್ತದೋ ಮುಂದಿನ ವರ್ಷಕ್ಕೆ ಅವಳೇ ಕರೇಜಿನ ಹೆಂಡತಿ. ಇಷ್ಟು ವರ್ಷವೂ ಕಾಳು ಸಿಕ್ಕಿದ್ದು ಜೀವರಳ ಹೊಸ್ತಿಲಲ್ಲೇ.

"ಅವನಿಗೆ ನಿನ್ನ ಮೇಲೆ ಮನಸ್ಸು," ಎನ್ನುತ್ತಿದ್ದರು ಜನ. ಜೀವರಳೂ ಹಾಗೇ ತಿಳಿದಿದ್ದಳು.

ಹಾಗಲ್ಲ ಎಂದು ಹೊಳೆದದ್ದು ಒಂದು ಚಳಿಗಾಲದಲ್ಲಿ. ತಬಸ್ ಕಡೆಯಿಂದ ಒಂಟೆಗಳ ಮೇಲೆ ಖರ್ಜೂರ, ಉಪ್ಪು ತರುವ ಖೊದಾದಾದ್ ಎಂಬುವನು ಅವಳ ಬಾಗಿಲಲ್ಲಿ ಉಪ್ಪು ಅಳೆಯುತ್ತ, ತಲೆ ಎತ್ತದೆ ಕೇಳಿದ್ದ:

"ನಿನ್ನ ವರ್ಷ ಯಾವಾಗ ಮುಗಿಯತ್ತೆ?"

"ಯಾಕೆ?"

"ನನಗೂ ಹೆಂಡ್ತಿ ಇಲ್ಲ. ಮನೆ ಇದೆ, ಎರಡು ಖರ್ಜೂರದ ಮರ ಇದೆ. ಒಂಟೆಗಳಿಗೆ ಮಾತ್ರ ಸ್ವಲ್ಪ ಕೋಪ ಜಾಸ್ತಿ. ನನಗಿಲ್ಲ."

ಅವಳು ಬೈದು ಕಳಿಸಿದಳು. ಬಾಗಿಲು ಹಾಕಿಕೊಂಡು ಅದಕ್ಕೆ ಒರಗಿ ನಿಂತಳು. ಮೈಬಿಸಿ ಇರುವ ಒಬ್ಬ ಮನುಷ್ಯನ ಪಕ್ಕದಲ್ಲಿ ಕೂತು ರೊಟ್ಟಿ ತಿನ್ನಬೇಕು ಎನ್ನುವ ಆಸೆ ತನಗೆ ಇಷ್ಟಿತ್ತು ಎಂದು ಅವಳಿಗೇ ಗೊತ್ತಿರಲಿಲ್ಲ. ಮುಂದಿನ ಸಲ ಅವನು ಬಂದಾಗ ಬೈಯಲಿಲ್ಲ. "ಹದಿಮೂರನೇ ದಿನ ಮುಗಿದ ಮೇಲೆ ಬಾ," ಎಂದಳು.

ಆಮೇಲೆ ಒಂದು ಬೆಳಗ್ಗೆ, ದಿನವೂ ಮಾಡುವ ಹಾಗೆ, ಹೊಸ್ತಿಲ ಬಳಿ ಕರಬೂಜದ ಬೀಜ ಉದುರಿಸುತ್ತಿದ್ದಳು. ನೆಲಗಾಗೆ ಪೊದೆಯಿಂದ ಓಡಿ ಬಂದು ಒಂದು ತಿಂದಿತು, ಒಂದನ್ನು ಹೊಸ್ತಿಲ ಬುಡದಲ್ಲಿ ಹೂತಿತು. ಜೀವರಳ ಕೈ ಅಲ್ಲೇ ನಿಂತಿತು. ಕರೆಯುತ್ತಿದ್ದವಳು ತಾನೇ. ವರ್ಷಗಟ್ಟಲೆ ಈ ಹಕ್ಕಿಗೆ ಇದೇ ಜಾಗದಲ್ಲಿ ಉಣ್ಣಿಸಿ, ಹೂಳುವುದಕ್ಕೆ ಇದೇ ನೆಲ ತೋರಿಸಿದ್ದಾಳೆ. ಅದು ಹದಿಮೂರನೆಯ ದಿನ ಬೇರೆ ಎಲ್ಲಿಗೆ ಹೋಗಬೇಕು? ಅವಳಿಗೆ ಮೊದಲು ನಗು ಬಂತು. ನಕ್ಕು ಮುಗಿದ ಮೇಲೆ ಸಿಟ್ಟು ಬಂತು.

ಮರುದಿನದಿಂದ ಬೀಜ ಹಾಕುವುದನ್ನು ನಿಲ್ಲಿಸಿದಳು. ಆದರೆ ಅದರಿಂದ ಕೆಲಸ ಆಗುವುದಿಲ್ಲ. ಊರಿನಲ್ಲಿ ಇನ್ನೊಬ್ಬ ವಿಧವೆ ಎಂದರೆ ಮಾಹ್‌ರೂ, ಎಳೇ ಹುಡುಗಿ, ಸೊಂಟದಲ್ಲಿ ಹಾಲು ಕುಡಿಯುವ ಕೂಸು. ತನ್ನ ಹೊಸ್ತಿಲು ತಪ್ಪಿದರೆ ಅವಳದು. ಆ ಕತ್ತಲೆಯ ತಿರುವಿನಲ್ಲಿ ಆ ಹುಡುಗಿ ಬಟ್ಟೆ ಬಿಚ್ಚಿ ನಿಲ್ಲುವುದನ್ನು ನೆನೆಯುವುದೂ ಜೀವರಳಿಗೆ ಬೇಡವಾಗಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ದಾರಿ ಬೇಕಿತ್ತು. ಯೋಚಿಸಿ ಯೋಚಿಸಿ ಒಂದನ್ನು ಕಂಡುಕೊಂಡಳು. ಕಾಳು ಕರ್ಬಲಾಯಿ ಸಫ್ದರನ ಹೊಸ್ತಿಲಲ್ಲೇ ಸಿಕ್ಕರೆ? ಗಟ್ಟಿಮುಟ್ಟಾಗಿ ಬದುಕಿರುವ ಗಂಡಸಿನ ಮನೆ. ಊರೆಲ್ಲ ಬಿದ್ದು ಬಿದ್ದು ನಗುತ್ತದೆ. ಮೊದಲು ನಗುವವನು ಸಫ್ದರನೇ. ಹಕ್ಕಿಗೆ ಅರಳುಮರಳು ಎನ್ನುತ್ತಾರೆ, ಒಮ್ಮೆ ನಕ್ಕ ಶಾಸ್ತ್ರಕ್ಕೆ ಮತ್ತೆ ಯಾರೂ ಹೆದರುವುದಿಲ್ಲ.

ನಡುಹಗಲಲ್ಲಿ ಸಫ್ದರನ ಮನೆಯವರೆಲ್ಲ ಮಲಗಿದ್ದಾಗ ಅವಳು ಅಲ್ಲಿಗೆ ಹೋಗತೊಡಗಿದಳು. ಬಿಸಿಲು ನೆತ್ತಿಯ ಮೇಲೆ, ತನ್ನ ನೆರಳೂ ಕಾಲಡಿ ಸೇರಿಕೊಂಡ ಹೊತ್ತು. ಹೊಸ್ತಿಲ ಬುಡದಲ್ಲಿ ನಾಲ್ಕು ಬೀಜ, ಕಾಲು ಮುರಿದ ಒಂದು ಜೀರುಂಡೆ ಇಡುತ್ತಿದ್ದಳು. ತಲೆ ಎತ್ತಿದರೆ ಗೋಡೆಯಾಚೆಯ ಪೊದೆಯ ಕೆಳಗೆ ನೆಲಗಾಗೆ ನಿಂತಿರುತ್ತಿತ್ತು. ಅವಳು ಕರೆಯುವ ಮೊದಲೇ ಬಂದು ನಿಂತಿರುತ್ತಿತ್ತು. ಮೊದಲನೆಯ ದಿನವೇ ಗುಳಿ ತೋಡಲು ಬೆರಳು ಹಾಕಿದಾಗ ಮಣ್ಣಿನಲ್ಲಿ ಒಂದು ಕರಬೂಜದ ಬೀಜ ಸಿಕ್ಕಿತು. ಅವಳು ಹಾಕಿದ್ದಲ್ಲ, ಹಳತು, ಒಣಗಿ ಚಕ್ಕೆ ಎದ್ದಿತ್ತು. ಅಕ್ಕಪಕ್ಕ ಕೆದಕಿದಳು. ಇನ್ನೂ ಇದ್ದವು, ಬೇಕಾದಷ್ಟು. ಅವಳಿಗೆ ಈ ಉಪಾಯ ಹೊಳೆಯುವುದಕ್ಕೆ ಎಷ್ಟೋ ದಿನ ಮುಂಚಿನಿಂದ ಹಕ್ಕಿ ಇಲ್ಲಿ ಹೂಳುತ್ತಿತ್ತು. ಒಳ್ಳೆಯದೇ ಆಯಿತು, ಕೆಲಸ ಹಗುರವಾಯಿತು ಎಂದುಕೊಂಡು ಜೀವರ್ ಮಣ್ಣು ಮುಚ್ಚಿದಳು. ಆದರೆ ಮನೆಗೆ ನಡೆಯುವಾಗ ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ.

ಆ ವರ್ಷ ಬೆಟ್ಟಕ್ಕೆ ಹಿಮ ಬಿದ್ದಿರಲಿಲ್ಲ. ಕರೇಜಿನ ನೀರು ಇಳಿದಿತ್ತು. ಹದಿಮೂರನೆಯ ದಿನ ಜನ ದಿಬ್ಬದ ಮೇಲೆ ಕೂತಾಗ ಎಂದಿನ ಗಲಾಟೆ ಇರಲಿಲ್ಲ. ಎಲ್ಲರ ಕಣ್ಣೂ ಕೆಳಗೆ. ನೆಲಗಾಗೆ ಕಿಂಡಿಯ ಬಳಿ ಬಂತು, ಕಾಳು ಕಚ್ಚಿತು, ಖಾಲಿ ಓಣಿಯಲ್ಲಿ ಓಡಿತು. ಮಾಹ್‌ರೂ ಮನೆ ದಾಟಿತು. ಜೀವರಳ ಮನೆ ಮುಂದೆ ನಿಂತು ತಲೆ ಓರೆ ಮಾಡಿ ದಿಬ್ಬದ ಕಡೆ ನೋಡಿತು. ಅಷ್ಟು ದೂರದಿಂದ ಹಕ್ಕಿಯ ಕಣ್ಣು ಕಾಣುವುದಿಲ್ಲ, ಆದರೂ ಅದು ತನ್ನನ್ನೇ ನೋಡಿತೆಂದು ಜೀವರಳಿಗೆ ಅನಿಸಿತು. ಆಮೇಲೆ ಅದು ಸೀದಾ ಸಫ್ದರನ ಬಾಗಿಲಿಗೆ ಹೋಗಿ ಬಗ್ಗಿತು.

ಸಂಜೆ ಮಣ್ಣು ಕೆದಕಿ ಹಳದಿ ಕಾಳು ತೆಗೆದು ಅಂಗೈ ಮೇಲಿಟ್ಟುಕೊಂಡವನು ಮುಲ್ಲಾ ನಜಫ್. ಜೀವರ್ ಅಂದುಕೊಂಡ ಹಾಗೆ ಮೊದಲು ನಕ್ಕವನು ಸಫ್ದರನೇ.

"ಅಲ್ರಯ್ಯಾ, ನಾನಿನ್ನೂ ಬದುಕಿದೀನಲ್ಲ. ಈ ಹೊಟ್ಟೆ ಕಾಣಿಸ್ಲಿಲ್ವಾ ಅದಕ್ಕೆ?"

ಯಾರೂ ನಗಲಿಲ್ಲ. ಅವನ ನಗು ಓಣಿಯಲ್ಲಿ ಸ್ವಲ್ಪ ದೂರ ಹೋಗಿ ಒಂಟಿಯಾಗಿ ನಿಂತಿತು. ಮುಲ್ಲಾ ಕಾಳನ್ನು ಅವನ ಕೈಗೆ ಕೊಡದೆ ತೂಬಾಳ ಕೈಗೆ ಕೊಟ್ಟ.

"ಹಕ್ಕಿಗೆ ಮೊದಲು ಗೊತ್ತಾಗತ್ತೆ ಕರ್ಬಲಾಯಿ, ನಮಗೆ ಆಮೇಲೆ," ಎಂದ, ಬಹಳ ಮೃದುವಾಗಿ. ಹುಷಾರಿಲ್ಲದವರ ಮನೆಯಲ್ಲಿ ಮಾತಾಡುವ ಧಾಟಿ ಅದು.

ಜೀವರಳಿಗೆ ಆಗ ಅರ್ಥವಾಯಿತು. ವಿಧವೆಯ ಹೊಸ್ತಿಲನ್ನು ಮಾತ್ರ ಆರಿಸುವ ಹಕ್ಕಿ ತೂಬಾಳ ಹೊಸ್ತಿಲನ್ನು ಆರಿಸಿದೆ. ಹಕ್ಕಿ ತಪ್ಪಿತು ಎಂದು ಜನ ತಿಳಿಯುತ್ತಾರೆ ಎಂದುಕೊಂಡಿದ್ದಳು. ಇವರು ತೂಬಾಳನ್ನೇ ವಿಧವೆ ಎಂದು ತಿಳಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನರ ಮಧ್ಯೆ ಇಷ್ಟು ವರ್ಷ ಬದುಕಿಯೂ ಅವಳು ಇದನ್ನು ಯೋಚಿಸಿರಲಿಲ್ಲ.

ಸಫ್ದರನಿಗೆ ಯಾರೂ ಕೆಟ್ಟದ್ದು ಮಾಡಲಿಲ್ಲ. ಅದೇ ಭಯಂಕರವಾದದ್ದು. ಅವನ ಜೊತೆ ಜಗಳ ಆಡುವುದನ್ನು ಬಿಟ್ಟರು, ಅಷ್ಟೇ. "ನಾಳೆ ನೀರು ನಿನಗಲ್ಲ, ಅವನಿಗೆ," ಎಂದರೆ, "ಹಾಗೇ ಆಗಲಿ ಕರ್ಬಲಾಯಿ, ನಿಮ್ಮ ಮಾತು ಮೀರಲ್ಲ," ಎಂದು ಕಣ್ಣು ತಗ್ಗಿಸಿ ಹೋಗುತ್ತಿದ್ದರು. ಅವನು ಬೇಕೆಂದೇ ತಪ್ಪು ಸರದಿ ಹೇಳಿದ, ಒಬ್ಬನ ನೀರನ್ನು ಕಿತ್ತು ಇನ್ನೊಬ್ಬನಿಗೆ ಕೊಟ್ಟ, ಮುದುಕನೊಬ್ಬನ ಗಡ್ಡದ ಬಗ್ಗೆ ಕೆಟ್ಟ ಮಾತಾಡಿದ. "ದೇವರು ನಿಮಗೆ ಒಳ್ಳೇದು ಮಾಡಲಿ," ಎಂದ ಆ ಮುದುಕ. ಸತ್ತವರ ಜೊತೆ ಯಾರು ಜಗಳ ಆಡುತ್ತಾರೆ? ಕ್ಷೌರದವನು ಅವನ ಗಡ್ಡ ತೆಗೆದು ಕೂಲಿ ಬೇಡವೆಂದ. ಹಿಪ್ಪುನೇರಳೆ ಮರದ ಕೆಳಗೆ ಚಹಾ ಹಂಚುವವನು ಅವನ ಮುಂದೆ ಲೋಟ ಇಡುವುದನ್ನು ಒಂದು ದಿನ ಮರೆತ, ಮರುದಿನವೂ ಮರೆತ. ಎಳೇ ಮಕ್ಕಳು ಅವನನ್ನು ಕಂಡರೆ ದಾರಿ ಬಿಟ್ಟು ಗೋಡೆಗೆ ಅಂಟಿಕೊಳ್ಳುತ್ತಿದ್ದರು.

ಸಫ್ದರ್ ಮೊದಮೊದಲು ಊರಿಗೆ ಕೇಳುವ ಹಾಗೆ ಬೈಯುತ್ತಿದ್ದ. ಆಮೇಲೆ ಮನೆಯಲ್ಲಿ ಮಾತ್ರ ಬೈದ. ಆಮೇಲೆ ಬೈಗುಳ ನಿಂತಿತು, ಊಟ ನಿಂತಿತು. ಹೊಸ್ತಿಲ ಒಳಗೆ ಗೋಡೆಗೆ ಒರಗಿ ಕೂತುಬಿಟ್ಟ. ಹೊಟ್ಟೆ ಇಳಿದು ಅಂಗಿ ಜೋತುಬಿತ್ತು. ಕರ್ಬಲಾಕ್ಕೆ ಹೋದಾಗ ತಂದಿಟ್ಟುಕೊಂಡಿದ್ದ, ಹೆಣಕ್ಕೆ ಸುತ್ತುವ ಕಫನದ ಬಟ್ಟೆಯನ್ನು ಪೆಟ್ಟಿಗೆಯಿಂದ ತೆಗೆಸಿ ಬಿಸಿಲಿಗೆ ಹಾಕಿಸಿದ. ಹೊರಗೆ ನೆಲಗಾಗೆ ದಿನವೂ ಬಂದು, ಅಂಗಳದ ಆಚೆ ನಿಂತು, ಒಳಗೆ ನೋಡಿ ಹೋಗುತ್ತಿತ್ತು. ಈಗ ಅದಕ್ಕೆ ಬೀಜ ಹಾಕುವವರು ಯಾರೂ ಇರಲಿಲ್ಲ.

ತೂಬಾ ಒಂದು ಮಧ್ಯಾಹ್ನ ಜೀವರಳ ಮನೆಗೆ ಬಂದಳು. ಜೋರುಬಾಯಿಯ ಹೆಂಗಸು ದನಿ ತಗ್ಗಿಸಿ ಕೇಳಿದಳು:

"ಜೀವರ್, ನೀರು ತುಂಬಾ ತಣ್ಣಗಿರತ್ತಾ?"

ಜೀವರಳಿಗೆ ತಡೆಯಲಾಗಲಿಲ್ಲ. ಗೆಳತಿಯ ಕಾಲು ಹಿಡಿದುಕೊಂಡು ಎಲ್ಲಾ ಹೇಳಿಬಿಟ್ಟಳು. ಬೀಜ, ಜೀರುಂಡೆ, ಖೊದಾದಾದ್, ಊರು ನಗುತ್ತದೆಂದು ತಾನು ನಂಬಿದ್ದು, ಎಲ್ಲಾ. ತೂಬಾ ಅವಳಿಗೆ ಹೊಡೆಯಲಿಲ್ಲ, ಕೂದಲು ಹಿಡಿದೆಳೆಯಲಿಲ್ಲ. ಎದ್ದು ಅವಳ ಕೈ ಹಿಡಿದು ಸೀದಾ ಹಿಪ್ಪುನೇರಳೆ ಮರದ ಕೆಳಗೆ ಕರೆದುಕೊಂಡು ಹೋದಳು. ಗಂಡಸರೆಲ್ಲ ಅಲ್ಲಿದ್ದರು. "ನನಗೆ ಹೇಳಿದ್ದನ್ನ ಇವರಿಗೂ ಹೇಳು," ಎಂದಳು.

ಜೀವರ್ ಹೇಳಿದಳು. ಹೇಳಿ ಮುಗಿಸಿ, ಕಲ್ಲು ಬೀಳುತ್ತವೆಂದು ಕಾದು ನಿಂತಳು. ಬೀಳಲಿ ಎಂದೇ ಅವಳ ಆಸೆ. ತನ್ನನ್ನು ಹೊಡೆದರೆ ಸಫ್ದರ್ ಬದುಕುತ್ತಾನೆ.

ಮುಲ್ಲಾ ನಜಫ್ ಗಡ್ಡ ನೀವಿಕೊಂಡ. "ಇಷ್ಟು ವರ್ಷ ನಿನಗೆ ಇಂಥ ಬುದ್ಧಿ ಬರ್ಲಿಲ್ಲ. ಈ ವರ್ಷ ಬಂತು. ಯಾಕಮ್ಮ?"

"ಬಂತು. ನನ್ನ ತಲೆ, ನನ್ನ ಬುದ್ಧಿ. ತಪ್ಪೂ ನಂದೇ."

"ಕರ್ಬಲಾಯಿ ಮನೇನೇ ಯಾಕೆ ನೆನಪಾಯ್ತು?"

"ನಗ್ತಾರೆ ಅಂತ."

"ನಕ್ಕರಾ?"

ಅವಳು ಸಫ್ದರನ ಮನೆ ಕಡೆ ನೋಡಿದಳು.

"ನೀನು ಯಾರ ಹೆಂಡತಿ ಜೀವರ್?" ಮುಲ್ಲಾನ ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. "ಹೆಂಡತಿ ಕೈಯಿಂದ ಗಂಡ ಕೆಲಸ ಮಾಡಿಸೋದು ಹೊಸದಲ್ಲ. ಮಾಡಿದ್ದು ನೀನು. ಮಾಡಿಸಿದ್ದು ಅವನು."

ಸುತ್ತಲಿದ್ದವರು ತಲೆದೂಗಿದರು. ಅವರಲ್ಲಿದ್ದ ಅಷ್ಟಿಷ್ಟು ಅನುಮಾನವೂ ಅವಳ ಮಾತಿನಿಂದಲೇ ಹೋಯಿತು. ಜೀವರ್ ಮೊದಲ ಸಲ ತನ್ನ ಕೈಗಳನ್ನು ಬೇರೆಯವರ ಕೈಗಳನ್ನು ನೋಡುವ ಹಾಗೆ ನೋಡಿಕೊಂಡಳು. ಹೊಸ್ತಿಲ ಮಣ್ಣಿನಲ್ಲಿ ಅವಳಿಗಿಂತ ಮುಂಚೆಯೇ ಇದ್ದ ಬೀಜಗಳ ವಿಷಯವನ್ನು ಮಾತ್ರ ಅವಳು ಯಾರಿಗೂ ಹೇಳಿರಲಿಲ್ಲ. ಈಗಂತೂ ಹೇಳುವ ಧೈರ್ಯ ಇರಲಿಲ್ಲ.

ಖೊದಾದಾದ್ ಮಾತಿನಂತೆ ಬಂದ. ಊರಾಚೆ ಒಂಟೆಗಳನ್ನು ಕೂರಿಸಿಕೊಂಡು ಎಲ್ಲಾ ಕೇಳಿ, "ನಿನ್ನ ವರ್ಷ ಮುಗೀತು. ಯಾರ ಹಂಗೂ ಇಲ್ಲ. ಬೆಳಗಾದ್ರೆ ಹೊರಡೋಣ," ಎಂದ. ಸತ್ಯವೇ. ಅವಳು ಬಿಡುಗಡೆಯಾಗಿದ್ದಳು. ಬಯಸಿದ್ದು ಕೈಗೆ ಬಂದಿತ್ತು. ಬೆಳಗ್ಗೆ ಗಂಟು ಕಟ್ಟಿ, ಬಾಗಿಲೆಳೆದುಕೊಂಡು ಹೊರಟಳು. ಸಫ್ದರನ ಮನೆ ಮುಂದೆಯೇ ಹೋಗಬೇಕಿತ್ತು, ಬೇರೆ ದಾರಿಯಿಲ್ಲ.

"ಜೀವರಾ?" ಒಳಗಿನಿಂದ ದನಿ ಬಂತು. "ಹೊರಟ್ಯಾ?"

"ಹೊರಟೆ ಕರ್ಬಲಾಯಿ. ನನ್ನನ್ನ ಕ್ಷಮಿಸಿ."

"ಕ್ಷಮೆ ಗಿಮೆ ಬಿಡು. ಹೋಗೋಕೆ ಮುಂಚೆ ಒಂದು ಉಪಕಾರ ಮಾಡು." ಅವನು ಗೋಡೆ ಹಿಡಿದು ಸ್ವಲ್ಪ ಮುಂದೆ ಬಾಗಿದ. ಕೆಂಪು ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. "ಒಂದು ಸಲ ನನ್ನ ಜೊತೆ ಜಗಳ ಆಡು. ಹೋದ ವರ್ಷ ನಿನ್ನ ಈರುಳ್ಳಿ ಮಡಿಗೆ ನೀರು ಬಿಡದೆ ಒಣಗಿಸಿದ್ದು ನಾನೇ. ಬೇಕು ಅಂತ್ಲೇ ಮಾಡಿದ್ದು. ಬೈಯಿ."

ಅವಳಿಗೆ ಆ ಈರುಳ್ಳಿ ಮಡಿ ಚೆನ್ನಾಗಿ ನೆನಪಿತ್ತು. ಬೈಯಲು ಬಾಯಿ ತೆರೆದಳು. ಎಷ್ಟು ಹುಡುಕಿದರೂ ಅವನ ಮೇಲೆ ಹಿಡಿಯಷ್ಟು ಸಿಟ್ಟೂ ಸಿಗಲಿಲ್ಲ. ಇದ್ದದ್ದು ಬರೀ ಮರುಕ, ಹೆಣದ ಮುಂದೆ ಬರುವ ಮರುಕ. "ದೇವರು ನಿಮಗೆ ಒಳ್ಳೇದು ಮಾಡಲಿ," ಎನ್ನುವುದು ಅವಳ ನಾಲಿಗೆಯ ತುದಿಗೇ ಬಂದಿತ್ತು. ತಾನೂ ಅವನನ್ನು ಸತ್ತವನೆಂದೇ ನೋಡುತ್ತಿದ್ದೇನೆ ಎಂದು ತಿಳಿದ ಕೂಡಲೇ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಗಂಟನ್ನು ಅಲ್ಲೇ ಹೊಸ್ತಿಲ ಬಳಿ ಇಟ್ಟು ಮುಲ್ಲಾನ ಮನೆಗೆ ಓಡಿದಳು.

"ಕರೇಜಿಗೆ ಬೇರೆ ಹೆಂಡತಿ ಯಾಕೆ ಬೇಕು?" ಏದುಸಿರು ಬಿಡುತ್ತ ಕೇಳಿದಳು. "ಇರೋಳು ವರ್ಷ ವರ್ಷ ಬಿಟ್ಟುಹೋಗ್ತಾಳೆ ಅಂತ ತಾನೇ? ಕಾಯಂ ನಿಕಾ ಮಾಡಿಸಿ. ನನ್ನ ಜೀವ ಇರೋವರೆಗೆ."

ಮುಲ್ಲಾ ತಲೆ ಅಲ್ಲಾಡಿಸಿದ. "ಕಾಯಂ ಅಂದ್ರೆ ಬಿಡುಗಡೆ ಇಲ್ಲಮ್ಮ. ತಲಾಖ್ ಕೊಡೋ ಬಾಯಿ ಅವನಿಗಿಲ್ಲ."

"ಗೊತ್ತು."

"ಒಬ್ಬಳ ಮೇಲೆ ಇನ್ನೊಬ್ಬಳನ್ನ ತರಬಹುದು ಅವನು."

"ತರಬಾರದು ಅಂತ ಷರತ್ತು ಹಾಕ್ತೀನಿ. ಗಂಡು ಕೊಡಬೇಕಾದ ಮೆಹರ್ ಕೂಡ ಕೇಳ್ತೀನಿ. ಕಾಯಂ ಹೆಂಡತಿಗೆ ಆ ಹಕ್ಕಿದೆ, ಇಲ್ವಾ?"

ಕರ್ಬಲಾಯಿ ಸಫ್ದರ್ ಸಾಯಲಿಲ್ಲ, ಅದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಊರಿಗೆ ನೀರೆತ್ತುವ ಯಂತ್ರ ಬರುವವರೆಗೂ ಬದುಕಿದ್ದ, ಆ ಯಂತ್ರದ ಜೊತೆಗೂ ಜಗಳ ಆಡಿದ. ಖೊದಾದಾದ್ ಆ ದಿನ ಬಿಸಿಲೇರುವವರೆಗೆ ಕಾದ. ತೂಬಾ ಹೋಗಿ ವಿಷಯ ತಿಳಿಸಿದಾಗ ಏನೂ ಅನ್ನದೆ ಒಂಟೆಗಳನ್ನು ಎಬ್ಬಿಸಿದನಂತೆ. ಮತ್ತೆ ಅವನ ಉಪ್ಪು ಆ ಊರಿಗೆ ಬರಲಿಲ್ಲ.

ನಿಕಾ ನಡೆದದ್ದು ಅದೇ ಮಧ್ಯಾಹ್ನ, ಊರಿಗೆ ಹತ್ತಿರದ ಕಿಂಡಿಯ ಬಳಿ. ಊರೆಲ್ಲ ಸೇರಿತ್ತು. ಸಫ್ದರನನ್ನು ಇಬ್ಬರು ಹೊತ್ತು ತಂದು ಮಣ್ಣಿನ ಬಳೆಯ ಮೇಲೆ ಕೂರಿಸಿದ್ದರು. ತೂಬಾ ತನ್ನ ಮದುವೆಯ ಕೆಂಪು ಚಾದರವನ್ನು ಜೀವರಳಿಗೆ ಹೊದಿಸಿದಳು. ಬೇಡ ಎಂದು ಅವಳೂ ಅನ್ನಲಿಲ್ಲ. ಒಂದೇ ಒಂದು ಪೊದೆಯ ದೂರದಲ್ಲಿ ನೆಲಗಾಗೆ ನಿಂತಿತ್ತು. ಇಷ್ಟು ಜನ ಸೇರಿದರೂ ಅದು ಓಡಿಹೋಗಿರಲಿಲ್ಲ.

ಮುಲ್ಲಾ ಮೆಹರ್ ಏನೆಂದು ಕೇಳಿದ.

"ಕರ್ಬಲಾಯಿ ಸಫ್ದರನ ಆಯಸ್ಸು," ಎಂದಳು ಜೀವರ್. "ಅವರ ಪಾಲಿಗೆ ದೇವರು ಬರೆದಷ್ಟೂ. ಅದರಲ್ಲಿ ಒಂದು ದಿನವೂ ಮುಟ್ಟಬಾರದು."

ಮುಲ್ಲಾ ಒಪ್ಪಿಗೆಯಾ ಎಂದು ಕೇಳಿದ. "ಮದುಮಗಳು ಹೂ ಕೊಯ್ಯೋಕೆ ಹೋಗಿದಾಳೆ," ಎಂದರು ಹೆಂಗಸರು, ಎಲ್ಲಾ ಮದುವೆಯಲ್ಲೂ ಹೇಳುವ ಹಾಗೆ. ಎರಡನೇ ಸಲ ಕೇಳಿದ. "ಪನ್ನೀರು ತರೋಕೆ ಹೋಗಿದಾಳೆ," ಎಂದರು. ಮೂರನೇ ಸಲಕ್ಕೆ ಜೀವರ್, "ಹಿರಿಯರ ಅಪ್ಪಣೆ ಇದ್ದರೆ, ಒಪ್ಪಿದೀನಿ," ಎಂದಳು. ದನಿ ಗಟ್ಟಿಯಾಗಿಯೇ ಇತ್ತು.

ಇನ್ನು ಗಂಡಿನ ಒಪ್ಪಿಗೆ. ವರ್ಷದ ಮದುವೆಗೆ ಅದನ್ನು ಯಾರೂ ಕೇಳುತ್ತಿರಲಿಲ್ಲ, ಮುಲ್ಲಾನೇ ಇಬ್ಬರ ಪರವಾಗಿ ಓದಿ ಮುಗಿಸುತ್ತಿದ್ದ. ಕಾಯಂ ಮದುವೆಗೆ, ಅದೂ ಇಂಥ ಮೆಹರಿಗೆ, ಗಂಡಿನ ಬಾಯಿಂದಲೇ ಬರಬೇಕು. ಮುಲ್ಲಾ ನೆಲದಿಂದ ಒಂದು ಕಲ್ಲು ಆರಿಸಿಕೊಂಡು ಎಲ್ಲರಿಗೂ ತೋರಿಸಿದ. ಇದನ್ನು ಕಿಂಡಿಗೆ ಹಾಕುತ್ತೇನೆ, ನೀರಿನ ಸದ್ದು ಬಂದರೆ ಒಪ್ಪಿದ ಹಾಗೆ, ಎಂದ. ಬಾರದಿದ್ದರೆ ಏನು ಎಂದು ಅವನು ಹೇಳಲಿಲ್ಲ, ಯಾರೂ ಕೇಳಲಿಲ್ಲ. ನೀರು ಎಷ್ಟು ಇಳಿದಿತ್ತೆಂದರೆ ಆ ವಾರ ಮಕ್ಕಳು ಕಿಂಡಿಗೆ ಎಸೆದ ಕಲ್ಲುಗಳು ಕೆಸರಿಗೆ ಬಿದ್ದ ಹಾಗೆ ಸದ್ದು ಮಾಡಿದ್ದವು. ಸಫ್ದರ್ ಕಣ್ಣು ಮುಚ್ಚಿಕೊಂಡ.

ಮುಲ್ಲಾ ಕಿಂಡಿಯ ಮೇಲೆ ಕೈ ಚಾಚಿದ. ಜನ ಉಸಿರು ಹಿಡಿದು ಬಗ್ಗಿದರು.

ಕೆಳಗೆ, ಬಹಳ ಹತ್ತಿರದಲ್ಲೇ ಎನ್ನುವ ಹಾಗೆ, ತುಂಬಿದ ನೀರಿಗೆ ಕಲ್ಲು ಬಿದ್ದ ಸದ್ದಾಯಿತು.

ಹೆಂಗಸರು ನಾಲಿಗೆ ಹೊರಳಿಸಿ ಕೇಕೆ ಹಾಕಿದರು. ಯಾರೋ ಸಫ್ದರನನ್ನು ತಬ್ಬಿಕೊಂಡರು. ತೂಬಾ ಜೋರಾಗಿ ಅಳತೊಡಗಿದಳು. ಆ ಗದ್ದಲದಲ್ಲಿ ಮುಲ್ಲಾನ ಕೈಯನ್ನು ನೋಡಿದವಳು ಜೀವರ್ ಒಬ್ಬಳೇ. ಅವನ ಮುಷ್ಟಿ ಇನ್ನೂ ಬಿಗಿಯಾಗಿತ್ತು. ಅವನು ಬೆರಳುಗಳನ್ನು ನಿಧಾನವಾಗಿ ಬಿಡಿಸಿದ. ಕಲ್ಲು ಅವನ ಅಂಗೈಯಲ್ಲೇ ಇತ್ತು. ಇಬ್ಬರ ಕಣ್ಣೂ ಸೇರಿದವು. ಮುಲ್ಲಾನ ತುಟಿ ಬಿಳಿಚಿಕೊಂಡಿತ್ತು. ಅವನು ಕಲ್ಲನ್ನು ನಿಲುವಂಗಿಯ ಜೇಬಿಗೆ ಇಳಿಸಿ, "ಗಂಡು ಒಪ್ಪಿದಾನೆ," ಎಂದ.

ಇದೆಲ್ಲ ಸಫ್ದರನಿಗಾಗಿಯೂ ಅಲ್ಲ, ತೂಬಾಳಿಗಾಗಿಯೂ ಅಲ್ಲ ಎಂದು ಜೀವರಳಿಗೆ ಆಗ ತಿಳಿಯಿತು. ಕರೇಜಿಗೆ ಬೇಕಾಗಿದ್ದವಳು ತಾನೊಬ್ಬಳೇ. ಹೊರಟವಳನ್ನು ತಡೆಯಲು ಅವನಿಗೆ ಬೇರೆ ದಾರಿ ಇರಲಿಲ್ಲ. ಹೊಟ್ಟೆಯೊಳಗಿಂದ ಚಳಿ ಎದ್ದು ಮೈಯೆಲ್ಲ ನಡುಗಿತು, ಮೊದಲ ವರ್ಷ ನೀರಿಗಿಳಿದಾಗ ನಡುಗಿದ್ದಕ್ಕಿಂತ ಹೆಚ್ಚು. ಆದರೆ ಅದರ ಜೊತೆಯಲ್ಲೇ, ಅವಳು ಬೇಡವೆಂದರೂ, ಕೆನ್ನೆ ಬಿಸಿಯಾಗುತ್ತಿತ್ತು. ಇಷ್ಟು ಆಸೆಪಟ್ಟು ತನ್ನನ್ನು ಯಾರೂ, ಸತ್ತ ಯಾದುಲ್ಲಾ ಕೂಡ, ಕೇಳಿದ್ದಿಲ್ಲ. ಜನ ನೋಡಿಯಾರು ಎಂದು ಅವಳು ಕೆಂಪು ಚಾದರದ ಅಂಚನ್ನು ಮುಖದ ಮೇಲಕ್ಕೆ ಎಳೆದುಕೊಂಡಳು.